ಬೈಂಡಿನ ಒಳಮೈ

ನಾಲ್ಕು ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡಬಲ್ಲವಳು ಆ ವಿಶ್ವವಿದ್ಯಾಲಯದಲ್ಲಿ ಅವಳೊಬ್ಬಳೇ. ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಮೊಗಸಾಲೆ ಗುಡಿಸಬೇಕು, ನೋಟೀಸು ಬೋರ್ಡಿಗೆ ಕಾಗದ ಚುಚ್ಚಬೇಕು. ಪಿನ್ನು ಒತ್ತಿ ಒತ್ತಿ ಹೆಬ್ಬೆರಳ ತುದಿ ಕಲ್ಲಾಗಿತ್ತು. ಮುಂಗೈ ಮೇಲೆ ಹಿಟ್ಟಿನ ಅಂಟು ಕಾಯಿಸುವಾಗ ಸುಟ್ಟ, ಎಲೆಯಷ್ಟಗಲದ ಕಲೆ. ವಿದ್ಯಾರ್ಥಿಗಳು ಅವಳನ್ನು ಬೋರ್ಡಮ್ಮ ಎನ್ನುತ್ತಿದ್ದರು. ಬೋರ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಕಾಗದದ ನೆತ್ತಿಯ ಮೇಲಿನ ಮುದ್ರೆ ನೋಡಿ ತಲೆ ಯಾವುದು, ಕಾಲು ಯಾವುದು ಎಂದು ತಿಳಿದುಕೊಳ್ಳುತ್ತಿದ್ದಳು.

ತೆಳ್ಳನೆಯ ಕಾಗದಗಳು ಬೋರ್ಡಿನಲ್ಲೇ ಉಳಿಯುತ್ತಿದ್ದವು: ಪರೀಕ್ಷೆಯ ಪಟ್ಟಿ, ದಂಡದ ಪಟ್ಟಿ, ಇಲ್ಲಿ ಕೂರಬಾರದು, ಅಲ್ಲಿ ನಿಲ್ಲಬಾರದು. ದಪ್ಪನೆಯ, ಬಣ್ಣದ ಮುದ್ರೆಯ ಕಾಗದಗಳು ಹೊರಗಿನಿಂದ ಬರುತ್ತಿದ್ದವು. ಅವುಗಳ ಆಯುಸ್ಸು ಒಂದು ಲೋಟ ಚಹಾ ಆರುವಷ್ಟು.

"ಚುಚ್ಚಮ್ಮ" ಎನ್ನುತ್ತಿದ್ದ ಗುಮಾಸ್ತ. ಚುಚ್ಚುತ್ತಿದ್ದಳು. ಅವನು ಮೇಲಿನ ಗಡಿಯಾರವೂ ಬರುವ ಹಾಗೆ ಫೋನೆತ್ತಿ ಫೋಟೋ ಹಿಡಿಯುತ್ತಿದ್ದ. "ಆಯ್ತು, ಕೀಳು."

ಒಮ್ಮೆ ಕೇಳಿದ್ದಳು. "ಈಗಷ್ಟೇ ಹಾಕಿದ್ದಲ್ವಾ ಸಾರ್?"

"ಅದು ಮುಗಿದುಹೋದ ವಿಷಯ ಕಣಮ್ಮ. ದಾಖಲೆಗೆ ಇರ್ಲಿ ಅಂತ ಫೋಟೋ. ಬೇಕಾದ್ರೆ ಮನೆಗೆ ತಗೊಂಡ್ಹೋಗು, ಒಲೆಗಾದ್ರೂ ಆಗುತ್ತೆ."

ಅಂಥ ಕಾಗದವನ್ನು ಒಲೆಗೆ ಹಾಕಲು ಅವಳಿಗೆ ಕೈ ಬರಲಿಲ್ಲ. ಮಗಳ ಪುಸ್ತಕಗಳಿಗೆ ಬೈಂಡು ಹಾಕಿದಳು. ಬಿಳಿ ಮೈ ಹೊರಗೆ, ಅಕ್ಷರ ಒಳಗೆ. ಅಂಚು ಮಡಚಿ, ಅಂಟು ಸವರಿ, ಮೇಲೆ ನೀರಿನ ಕೊಡ ಇಟ್ಟು ಒಣಗಿಸುತ್ತಿದ್ದಳು. ಒಂದನೇ ತರಗತಿಯಿಂದ ಹಿಡಿದು ಇದೇ ವಿಶ್ವವಿದ್ಯಾಲಯದ ಕೊನೆಯ ವರ್ಷದವರೆಗೂ ಮಗಳ ಪುಸ್ತಕದ ಒಂದು ಮೂಲೆಯೂ ಮುದುರಲಿಲ್ಲ.

ಮಗಳದ್ದು ಮಣ್ಣಿನ ಓದು. ಇದ್ದೊಂದು ಕಿಟಕಿಯಲ್ಲಿ ಸೀಸೆ ಸೀಸೆ ಮಣ್ಣು. ದಿನಾ ಸಂಜೆ ಕೈಕಾಲು ತೊಳೆದು ಅದೇ ಮಾತು ಕೇಳುವಳು. "ಅಮ್ಮ, ಬೋರ್ಡಲ್ಲಿ ಹೊಸದೇನಾದ್ರೂ?"

"ಏನೂ ಇಲ್ಲ ಕಣೇ. ದಂಡ ಕಟ್ಟದೋರ ಪಟ್ಟಿಯಂತೆ."

"ಅದ್ರಲ್ಲಿ ನನ್ನ ಹೆಸರಿಲ್ಲ ತಾನೆ?"

"ಇದ್ದಿದ್ರೂ ನಂಗೇನು ಗೊತ್ತಾಗ್ತಿತ್ತು? ಪಿನ್ನು ನಿನ್ನ ಹೆಸರಿಗೇ ಚುಚ್ಚಿರ್ತಿದ್ದೆ."

ಇಬ್ಬರೂ ನಗುತ್ತಿದ್ದರು.

ವರ್ಷ ಮುಗಿಯಿತು. ಮುಂದೆ ಓದಲು ದಾರಿ ಕಾಣಲಿಲ್ಲ. ಔಷಧಿ ಸೀಸೆಗಳಿಗೆ ಚೀಟಿ ಅಂಟಿಸುವ ಕಾರ್ಖಾನೆಗೆ ಸೋಮವಾರದಿಂದ ಬರುತ್ತೇನೆಂದು ಮಗಳು ಒಪ್ಪಿಕೊಂಡು ಬಂದಳು. ಅದಕ್ಕೆ ಮುಂಚೆ ಗ್ರಂಥಾಲಯದಿಂದ ಮೊದಲ ಸಲ ಮನೆಗೆ ತಂದಿದ್ದ ಪುಸ್ತಕ ಹಿಂದಿರುಗಿಸಬೇಕಿತ್ತು. ಅಲ್ಲಿ ಬೈಂಡಿನ ಸಮೇತ ತೆಗೆದುಕೊಳ್ಳುವುದಿಲ್ಲ. ನೆಲದ ಮೇಲೆ ಕೂತು ನಾಜೂಕಾಗಿ ಬಿಡಿಸಿದಳು. ಬಿಡಿಸಿದವಳ ಕೈ ಅಲ್ಲೇ ನಿಂತಿತು.

"ಅಮ್ಮ, ಈ ಕಾಗದ ಎಲ್ಲಿಂದ ತಂದೆ?"

"ಬೋರ್ಡಿಂದ. ಮುಗಿದ ವಿಷಯ ಅದು."

"ಯಾವತ್ತು?"

"ನೀನು ಆ ಪುಸ್ತಕ ತಂದ ದಿನಾನೇ. ಅವತ್ತೇ ಬೈಂಡು ಹಾಕ್ಕೊಟ್ನಲ್ಲ."

"ಅವತ್ತು ಇದು ಮುಗಿದಿರ್ಲಿಲ್ಲಮ್ಮ. ಇನ್ನೂ ನಲವತ್ತು ದಿನ ಇತ್ತು."

ಓದಿ ಹೇಳಿದಳು. ಮಣ್ಣಿನ ಸಂಶೋಧನೆಗೆ ಎರಡು ವರ್ಷ. ಊಟ, ವಸತಿ, ಪ್ರಯೋಗಾಲಯ. ದಿನಗೂಲಿಯವರ ಮಕ್ಕಳಿಗೆ ಮೊದಲ ಆದ್ಯತೆ. ಕೊನೆಯ ದಿನ ಕಳೆದು ಹನ್ನೊಂದು ದಿನವಾಗಿತ್ತು. ಅದಕ್ಕೆ ಮುಂಚಿನ ನಲವತ್ತು ದಿನವೂ ಹುಡುಗಿ ಆ ಕಾಗದವನ್ನು ಎದೆಗೆ ಅವುಚಿಕೊಂಡೇ ತರಗತಿಗೆ ಹೋಗಿಬಂದಿದ್ದಳು.

"ಬೈದುಬಿಡೇ ನನ್ನ" ಎಂದಳು ತಾಯಿ.

ಮಗಳು ಬೈಯಲಿಲ್ಲ. ಕಾಗದದ ಮಡಿಕೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡುತ್ತಾ ಕೂತಳು. "ನಿಂಗೇನು ಗೊತ್ತಮ್ಮ" ಎಂದಳು. ಬೈದಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳು.

ಸೋಮವಾರ ಬೋರ್ಡಮ್ಮ ಆ ಕಾಗದವನ್ನು ಗುಮಾಸ್ತನ ಮೇಜಿನ ಮೇಲಿಟ್ಟಳು.

"ಇದಾ? ನಿಯಮದ ಪ್ರಕಾರ ಹಾಕಿದ್ವಲ್ಲ" ಎಂದು ಅವನು ಫೋನಿನಲ್ಲಿ ಫೋಟೋ ಹುಡುಕಿ ತೋರಿಸಿದ. "ನೋಡು, ತಾರೀಖು. ನೋಡು, ಗಡಿಯಾರ. ಈ ಕೈ ಯಾರದಮ್ಮ?"

ಕಾಗದದ ಅಂಚಿನಲ್ಲಿ ಒಂದು ಕೈ. ಎಲೆಯಷ್ಟಗಲದ ಕಲೆ.

"ನಂದೇ ಸಾರ್. ಆದ್ರೆ ಕೀಳು ಅಂದೋರು ನೀವು."

"ಅದಕ್ಕೆ ಫೋಟೋ ಇದ್ಯಾ? ಮನೆಗೆ ಒಯ್ದಿದ್ದು ಯಾರು? ಜೋರಾಗಿ ಕೇಳ್ಬೇಡ, ಕಳ್ಳತನ ಅಂತಾರೆ."

"ಯಾರಿಗೆ ಸಿಕ್ತು ಸಾರ್ ಅದು?"

"ಒಂದೇ ಅರ್ಜಿ ಬಂದಿತ್ತು. ಕುಲಸಚಿವರ ತಂಗಿ ಮಗ." ಸಮಾಧಾನ ಹೇಳುವವನ ಹಾಗೆ ಅಂದ: "ಹುಡುಗ ಒಳ್ಳೆಯವನು."

ಮಾರನೆಯ ದಿನ ಮಗಳು ಕಾರ್ಖಾನೆಗೆ ಹೋದ ಮೇಲೆ ಬೋರ್ಡಮ್ಮ ಪೆಟ್ಟಿಗೆ ತೆಗೆದಳು. ಹದಿನೈದು ವರ್ಷದ ಪುಸ್ತಕಗಳು. ಒದ್ದೆ ಬಟ್ಟೆ ಒತ್ತಿ ಒಂದೊಂದೇ ಬೈಂಡು ಬಿಡಿಸಿದಳು. ಬತ್ತಲಾದ ಪುಸ್ತಕಗಳು ಗೋಡೆಗೊರಗಿ ಕೂತವು. ಬಕೆಟ್ಟಿನ ತುಂಬ ಅಂಟು ಕಾಯಿಸಿದಳು. ಪಿನ್ನಿನ ಡಬ್ಬಿಯನ್ನು ಮುಟ್ಟಲಿಲ್ಲ.

ಮಧ್ಯಾಹ್ನ ತರಗತಿ ಬಿಡುವ ಹೊತ್ತಿಗೆ ಬೋರ್ಡು ತುಂಬಿತ್ತು. ಕಂಬಗಳು ತುಂಬಿದ್ದವು. ಗುಮಾಸ್ತನ ಬಾಗಿಲೂ ತುಂಬಿತ್ತು. ಪ್ರತಿ ಕಾಗದದ ಮೇಲೂ ಪುಸ್ತಕದ ಬೆನ್ನಿನ ಮಡಿಕೆ.

ಗುಮಾಸ್ತ ಓಡಿಬಂದ. "ಏನಿದು? ಕೀಳು ಮೊದಲು!"

"ಪಿನ್ನಲ್ಲ ಸಾರ್, ಅಂಟು. ಗೋಡೆ ಸಮೇತ ಕೀಳ್ಬೇಕು. ಫೋಟೋ ಹಿಡ್ಕೊಳ್ಳಿ. ಗಡಿಯಾರ ಬರೋ ಹಾಗೆ."

"ನಾಳೆಯಿಂದ ಬರ್ಬೇಡ."

"ಕೇಳಿಸ್ತು."

ವಿದ್ಯಾರ್ಥಿಗಳು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. "ಇದು ನಮ್ಮಣ್ಣನ ವರ್ಷದ್ದು" ಎಂದ ಒಬ್ಬ. "ಅವನಿಗೆ ಇಂಥದ್ದೇ ಬೇಕಾಗಿತ್ತು." ಕನ್ನಡಕದ ಹುಡುಗಿಯೊಬ್ಬಳು ತಿರುಗಿದಳು.

"ಬೋರ್ಡಮ್ಮ, ಇವೆಲ್ಲದರ ದಿನ ಮುಗಿದುಹೋಗಿದೆಯಲ್ಲ?"

"ಗೊತ್ತು ಮಗಳೇ. ಆದ್ರೂ ಓದು. ಎಲ್ಲರಿಗೂ ಕೇಳೋ ಹಾಗೆ ಓದು. ನನ್ನ ಕೈಯಾರೆ ಏನೇನು ಮುಚ್ಚಿದೀನಿ ಅಂತ ನಾನೂ ಕೇಳ್ಬೇಕು."

ಹುಡುಗಿ ಓದತೊಡಗಿದಳು. ಇನ್ನೊಂದು ಕಂಬದ ಹತ್ತಿರ ಇನ್ನೊಂದು ದನಿ ಎದ್ದಿತು, ಅದರಾಚೆ ಮತ್ತೊಂದು. ಮೊಗಸಾಲೆ ಗುಂಯ್ಗುಟ್ಟಿತು. ಗುಮಾಸ್ತ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಬೋರ್ಡಮ್ಮ ಬಕೆಟ್ಟಿನ ಪಕ್ಕದಲ್ಲಿ ಕೂತು ಆಲಿಸಿದಳು. ಹುಡುಗಿ ಬೋರ್ಡಿನ ನಡುವಿನ ಕಾಗದಕ್ಕೆ ಬಂದಳು. ಮಣ್ಣಿನ ಸಂಶೋಧನೆಗೆ ಎರಡು ವರ್ಷ. ಊಟ, ವಸತಿ, ಪ್ರಯೋಗಾಲಯ. ದಿನಗೂಲಿಯವರ ಮಕ್ಕಳಿಗೆ...

ಅವಳ ದನಿ ಅಲ್ಲಿ ನಿಂತಿತು. ತಿರುಗಿ ನೋಡಿದಳು.

"ನಿಲ್ಲಿಸ್ಬೇಡ" ಎಂದಳು ಬೋರ್ಡಮ್ಮ. "ಮುಂದೆ ಏನಿದೆ ಓದು."