ಮೊದಲ ಓವರು ಯಾರಿಗೆ

ಅಜ್ಜಂಪುರದ ಕ್ರಿಕೆಟ್ ತಂಡಕ್ಕೆ ವರ್ಷಾನುಗಟ್ಟಲೆ ಮೊದಲ ಓವರು ಹಾಕಿದವನು ಬೆನಕಪ್ಪ. ಎಪ್ಪತ್ತೊಂಬತ್ತರ ಕಾರ್ತೀಕದಲ್ಲಿ ಹುಲ್ಲು ಹೇರಿದ ಗಾಡಿಯ ಮೇಲಿಂದ ಬಿದ್ದು ಅವನ ಬಲಭುಜ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಕೈ ಕಿವಿಯಿಂದ ಮೇಲಕ್ಕೆ ಏಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಡೂರಿನವರ ಜೊತೆ ಸೆಮಿಫೈನಲ್ಲು ಇತ್ತು. ಹೊಸ ಚೆಂಡನ್ನು ಇನ್ನು ಯಾರ ಕೈಗೆ ಕೊಡುವುದು ಎಂಬ ಜಗಳ ಊರಲ್ಲಿ ಎದ್ದದ್ದು ಆಗ.

ಜಗಳ ನಡೆಯುತ್ತಿದ್ದದ್ದು ಕಾಂತಮ್ಮನ ಗೋಲಿ ಸೋಡಾ ಅಂಗಡಿಯಲ್ಲಿ. ಆಟದ ಬಯಲಿನ ಅಂಚಿಗೆ, ಈರುಳ್ಳಿ ಮಂಡಿಯ ಕಾಂಪೌಂಡು ಗೋಡೆಗೆ ತಗಡು ಇಳಿಬಿಟ್ಟು ಮಾಡಿಕೊಂಡ ಅಂಗಡಿ ಅದು. ಗಂಡ ಕರಿಯಪ್ಪ ಒಳಗೆ ಕೂತು ಬಾಟಲಿಗೆ ಗ್ಯಾಸು ತುಂಬುತ್ತಿದ್ದ. ಅವನಿಗೆ ಮಾತು ಬೇಕಾಗಿರಲಿಲ್ಲ. ಗಿರಾಕಿಗಳನ್ನು ನೋಡಿಕೊಳ್ಳುವವಳು ಕಾಂತಮ್ಮ. ಮದುವೆಯಾಗಿ ಬಂದಾಗ ಅವಳಿಗೆ ಈ ಆಟದ ಗಂಧವಿರಲಿಲ್ಲ. ಅಂಗಡಿಯ ಮುಂದೆ ಬಯಲು ಬಿಟ್ಟರೆ ನೋಡಲು ಬೇರೇನೂ ಇಲ್ಲದ್ದರಿಂದ ನೋಡುತ್ತಾ ಹೋದಳು, ನೋಡುತ್ತಾ ಹುಚ್ಚು ಹಿಡಿಯಿತು. ಈಗ ಊರಿನ ತಂಡ ಸೋತ ದಿನ ಅವಳ ಮನೆಯಲ್ಲಿ ಸಾರಿಗೆ ಉಪ್ಪಿರುತ್ತಿರಲಿಲ್ಲ.

"ಚಿಕ್ಕಬೀರಪ್ಪನೇ ಹಾಕ್ಬೇಕು," ಎನ್ನುವುದು ಅವಳ ವಾದ.

ಚಿಕ್ಕಬೀರಪ್ಪ ಎಡಗೈಯವನು. ಊರಾಚೆ ಈರುಳ್ಳಿ ಬೆಳೆಯುವ ಮನೆಯವನು. ಬೆನಕಪ್ಪ ಹೊಸ ಚೆಂಡನ್ನು ಹಾಕಿ ಹಾಕಿ ಅದರ ಬಣ್ಣ ಹೋದ ಮೇಲೆ, ಗಾಳಿಗೆ ಎದುರಾಗಿ ಓಡಿ ಬಂದು, ಉಳಿದ ಓವರುಗಳನ್ನೆಲ್ಲ ಹಾಕುತ್ತಿದ್ದವನು ಅವನೇ. ಹೊಸ ಚೆಂಡು ಒಮ್ಮೆಯೂ ಅವನ ಕೈಗೆ ಬಂದಿರಲಿಲ್ಲ. ಕೇಳಿದವನೂ ಅಲ್ಲ.

ಹಿಟ್ಟಿನ ಗಿರಣಿಯ ರಂಗಯ್ಯ ಒಪ್ಪುತ್ತಿರಲಿಲ್ಲ. "ಅವನ ಬಾಲು ಬರೋ ಅಷ್ಟರಲ್ಲಿ ಒಂದು ಬೀಡಿ ಸೇದಬಹುದು ಕಣಮ್ಮ. ಕಡೂರೋರು ಎದ್ದು ಬಂದು ಹೊಡೀತಾರೆ. ನಮ್ಗೆ ವೇಗ ಬೇಕು. ಸೋಮಶೇಖರಪ್ಪನ ತಂಗಿ ಮಗ ಇದಾನಲ್ಲ, ಪಂಚಾಕ್ಷರಿ, ಶಿವಮೊಗ್ಗದ ಕಾಲೇಜಲ್ಲಿ ಆಡ್ತಾನೆ. ದಸರೆಗೆ ಬಂದಾಗ ನೋಡ್ದೆ. ಬಾಲು ಕಣ್ಣಿಗೆ ಕಾಣಲ್ಲ."

"ಕೀಪರ್‌ಗೂ ಕಾಣಲ್ಲ. ಎಲ್ಲಾ ಬೇಲಿಗೆ ಹೋಯ್ತು ಅವತ್ತು," ಎಂದಳು ಕಾಂತಮ್ಮ.

"ಬೆನಕಪ್ಪನಿಗೇ ಕೆಳಗಿಂದ ಹಾಕೋಕೆ ಹೇಳಿ," ಎಂದು ದರ್ಜಿ ಸಿದ್ದಪ್ಪ ಪ್ರತಿ ಸಂಜೆಯೂ ಹೇಳುತ್ತಿದ್ದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಬೆನಕಪ್ಪನಂತೂ ಮೊದಲೇ ಇಲ್ಲ.

ಹೀಗೆ ಕೂಗಾಡಿ, ಮುನಿಸಿಕೊಂಡು, ಮತ್ತೆ ಬಂದು ಕೂತು, ಕೊನೆಗೆ ಹೆಚ್ಚು ಜನ ಚಿಕ್ಕಬೀರಪ್ಪನ ಕಡೆಗೆ ವಾಲಿದರು. ತಂಡದ ಕ್ಯಾಪ್ಟನ್ನು ಸೈಕಲ್ ಶಾಪಿನ ಗಂಗಾಧರಯ್ಯ. ಅವನೂ ಬಂದು ಸೋಡಾ ಕುಡಿದು, "ನನ್ನ ಮನಸ್ಸಲ್ಲೂ ಅದೇ ಇತ್ತು," ಎಂದು ಹೇಳಿ ಹೋದ.

ಪಂದ್ಯದ ಹಿಂದಿನ ಸಂಜೆ ಸೋಮಶೇಖರಪ್ಪ ಅಂಗಡಿಯ ಮುಂದೆ ಬಂದು ನಿಂತರು. ಈರುಳ್ಳಿ ಮಂಡಿ ಅವರದು. ಕ್ಲಬ್ಬಿನ ಅಧ್ಯಕ್ಷರೂ ಅವರೇ. ಪಿಚ್ಚಿನ ಮೇಲೆ ಹಾಸುವ ನಾರಿನ ಮ್ಯಾಟು, ಬ್ಯಾಟು, ಚೆಂಡು ಎಲ್ಲ ಅವರು ಕೊಡಿಸಿದ್ದು. ಜೊತೆಯಲ್ಲಿ ರಜಕ್ಕೆ ಬಂದಿದ್ದ ಪಂಚಾಕ್ಷರಿ ಇದ್ದ. ಎತ್ತರದ ಹುಡುಗ, ನೆಲ ನೋಡುತ್ತ ನಿಂತಿದ್ದ.

"ನಾಳೆ ಮೊದ್ಲು ನಮ್ಮ ಪಂಚಾಕ್ಷರಿ ಹಾಕ್ತಾನೆ. ಗಂಗಾಧರಯ್ಯನಿಗೆ ಹೇಳಿದೀನಿ," ಎಂದರು.

ಕಾಂತಮ್ಮ ಬಾಟಲಿ ಒರೆಸುವುದನ್ನು ನಿಲ್ಲಿಸಿದಳು. "ಗಂಗಾಧರಯ್ಯ ನಮ್ಮ ಹತ್ರ ಬೇರೆ ಹೇಳಿದ್ರಲ್ಲ."

"ಮ್ಯಾಟು ನಂದು, ಬಾಲು ನಂದು. ಯಾರು ಮೊದ್ಲು ಹಾಕ್ಬೇಕು ಅನ್ನೋದು ಸೋಡಾ ಅಂಗಡೀಲಿ ತೀರ್ಮಾನ ಆಗಲ್ಲ ಕಣಮ್ಮ."

"ಮ್ಯಾಟು ನಿಮ್ದೇ ಬುದ್ಧಿ, ಇಲ್ಲ ಅಂದೋರ್ಯಾರು. ಕಣ್ಣು ನಮ್ದು. ನಾವು ನೋಡಲ್ಲ."

ಸೋಮಶೇಖರಪ್ಪ ನಕ್ಕು ಹೊರಟುಹೋದರು. ಮೊದಲು ಬಾಯಿ ಬಿಟ್ಟವನು ರಂಗಯ್ಯ.

"ಆ ಹುಡುಗ ಹಾಕ್ಲಿ ಅಂತ ಹೇಳ್ದೋನು ನಾನು. ಈಗ್ಲೂ ಹೇಳ್ತೀನಿ. ಆದ್ರೆ ನಾವು ಇಷ್ಟು ದಿನ ಬಡಕೊಂಡಿದ್ದು ಅವ್ರಿಗೆ ನಾಯಿ ಬೊಗಳಿದಂಗಾಯ್ತಾ? ನಾಳೆ ನಾನೂ ನೋಡಲ್ಲ."

ಭಾನುವಾರ ಬೆಳಿಗ್ಗೆ ಬಯಲಿನ ಸುತ್ತ ಎಂದಿನಷ್ಟೇ ಜನ ಸೇರಿದರು. ಕಡೂರಿನಿಂದಲೂ ರೈಲಿನಲ್ಲಿ ಒಂದು ಗುಂಪು ಬಂದಿತ್ತು. ಟಾಸು ಗೆದ್ದ ಕಡೂರಿನವರು ಬ್ಯಾಟು ಹಿಡಿದರು. ಗಂಗಾಧರಯ್ಯ ಯಾರ ಮುಖವನ್ನೂ ನೋಡದೆ ಚೆಂಡನ್ನು ಪಂಚಾಕ್ಷರಿಗೆ ಎಸೆದ. ಹುಡುಗ ಓಟದ ಗುರುತು ಹಾಕಿಕೊಂಡು ತಿರುಗುವ ಹೊತ್ತಿಗೆ, ಬದುವಿನ ಮೇಲೆ ಕೂತಿದ್ದ ಅಜ್ಜಂಪುರದವರೆಲ್ಲ ಎದ್ದು ನಿಂತು, ಮೈ ತಿರುಗಿಸಿ, ಬಯಲಿಗೆ ಬೆನ್ನು ಹಾಕಿ ಕೂತರು. ಮುಂದೆ ಕಾವಲಿನ ಹುಲ್ಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತಿದ್ದವು. ಎಲ್ಲರೂ ದನಗಳನ್ನು ನೋಡತೊಡಗಿದರು. ಕಾಂತಮ್ಮ ಅಂಗಡಿಯಿಂದ ಸ್ಟೂಲು ತಂದು ನಡುವೆ ಹಾಕಿಕೊಂಡಳು. ಆಚೆ ಕಡೆಯ ಕಡೂರಿನವರು ಮೊದಲು ನಕ್ಕರು, ಆಮೇಲೆ ಏನೂ ಅರ್ಥವಾಗದೆ ಸುಮ್ಮನಾದರು.

ಪಂಚಾಕ್ಷರಿ ಓಡಿ ಬರುವ ಸಪ್ಪಳ ಕೇಳಿಸಿತು. ಚೆಂಡು ಮ್ಯಾಟಿಗೆ ಬಡಿದ ಸದ್ದು, ಕೀಪರನ ಗವಸಿನ ಸದ್ದು. ಮತ್ತೆ ಅದೇ. ಆಮೇಲೆ ಒಂದು ಸಲ ಮರಕ್ಕೆ ಮರ ಬಡಿದ ಹಾಗೆ ಕಟಕ್ಕೆಂದಿತು. ವಿಕೆಟ್ಟು ಉರುಳಿದ ಸದ್ದು ಅದು. ಆ ಸದ್ದಿಗಾಗಿ ಬಿಸಿಲಲ್ಲಿ ದಿನಗಟ್ಟಲೆ ಕೂತವರು ಅವರು. ಸಿದ್ದಪ್ಪನ ಕತ್ತು ತಾನಾಗಿಯೇ ಹೊರಳಿತು. ಕಾಂತಮ್ಮ ಅವನ ಕಡೆ ಒಮ್ಮೆ ನೋಡಿದಳು, ಕತ್ತು ವಾಪಸು ಬಂತು.

"ಯಾರು ಔಟಾಗಿದ್ದು?" ಎಂದ ಸಿದ್ದಪ್ಪ ಮೆಲ್ಲಗೆ.

"ನಂಗೇನ್ ಗೊತ್ತು? ನಾನೂ ದನಾನೇ ನೋಡ್ತಿರೋದು," ಎಂದ ರಂಗಯ್ಯ. ಅವನ ಧ್ವನಿಯಲ್ಲಿ ನೋವಿತ್ತು.

ಮತ್ತೊಂದು ಸಲ ಕಟಕ್ಕೆಂದಿತು. ಗಂಗಾಧರಯ್ಯನ ತಂಡದವರು ಮಾತ್ರ ಒಬ್ಬರಿಗೊಬ್ಬರು ಕೂಗಿಕೊಂಡರು. ಬದುವಿನ ಮೇಲೆ ಒಂದು ಚಪ್ಪಾಳೆಯೂ ಇಲ್ಲ. ಕಾಂತಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಬಿಗಿದುಕೊಂಡು ಕೂತಿದ್ದಳು. ಹುಡುಗ ಚೆನ್ನಾಗಿ ಹಾಕುತ್ತಿದ್ದಾನೆ ಎಂಬುದು ಅವಳಿಗೆ ತಿಳಿದುಹೋಗಿತ್ತು. ತಾನು ಹೇಳಿದ್ದು ತಪ್ಪಾಯಿತೇ ಎನ್ನಿಸಿತು. ಆದರೂ ಏಳಲಿಲ್ಲ.

ಚಿಕ್ಕಬೀರಪ್ಪ ಚೆಂಡು ತೆಗೆದುಕೊಂಡಾಗ ಯಾರೋ, "ಎಡಗೈ ಬಂತು," ಎಂದರು. ಎಲ್ಲರೂ ತಿರುಗಿ ಕೂತು ಚಪ್ಪಾಳೆ ತಟ್ಟಿದರು. ಚಿಕ್ಕಬೀರಪ್ಪ ನಾಚಿ ಕೆಂಪಾದ. ಹಾಕಿದ್ದು ಸಾಧಾರಣ; ಒಬ್ಬರನ್ನೂ ಔಟು ಮಾಡಲಿಲ್ಲ. ಪಂಚಾಕ್ಷರಿಯ ಸರದಿ ಮತ್ತೆ ಬಂದಾಗ ಎಲ್ಲರೂ ಮತ್ತೆ ದನಗಳ ಕಡೆಗೆ ತಿರುಗಿದರು. ಕಡೂರಿನ ಅರ್ಧ ತಂಡವನ್ನು ಆ ಹುಡುಗ ಒಬ್ಬನೇ ಉರುಳಿಸಿದ. ಮಧ್ಯಾಹ್ನದ ಹೊತ್ತಿಗೆ ಅಜ್ಜಂಪುರ ಗೆದ್ದಿತು.

ಸಂಜೆ ಪಂಚಾಕ್ಷರಿ ಒಬ್ಬನೇ ಅಂಗಡಿಗೆ ಬಂದ. ಬಿಳಿ ಅಂಗಿಯ ಮೇಲೆ ಧೂಳು ಹಾಗೇ ಇತ್ತು. ಬೆಂಚಿನ ಮೇಲಿದ್ದವರು ಜಾಗ ಬಿಡಲಿಲ್ಲ, ಹೋಗೆಂದೂ ಹೇಳಲಿಲ್ಲ.

"ನೀವು ನೋಡ್ಲಿಲ್ಲ," ಎಂದ ಕಾಂತಮ್ಮನಿಗೆ.

"ನೋಡ್ಲಿಲ್ಲ. ಕೇಳಿಸ್ತು."

"ನಾನು ಯಾವತ್ತೂ ಇಷ್ಟು ಚೆನ್ನಾಗಿ ಹಾಕಿಲ್ಲ. ಇನ್ನೊಂದ್ಸಲ ಹಾಕ್ತೀನೋ ಇಲ್ವೋ ಗೊತ್ತಿಲ್ಲ. ನಮ್ಮೂರೋರು ಒಬ್ರೂ ನೋಡ್ಲಿಲ್ಲ." ಅವನು ಅಂಗಿಯ ಧೂಳು ಕೊಡವಿದ. "ಮಾವನ್ನ ನಾನೇನೂ ಕೇಳ್ಕೊಂಡಿರಲಿಲ್ಲ."

"ಬೇಡ ಅಂತಾನೂ ಅನ್ಲಿಲ್ವಲ್ಲಪ್ಪ."

ಕಾಂತಮ್ಮ ಒಂದು ಸೋಡಾ ಒಡೆದು ಅವನ ಮುಂದೆ ಇಟ್ಟಳು. ಅವನು ನಿಂತೇ ಕುಡಿದ.

"ಹಂಗಾದ್ರೆ ಇಬ್ರೂ ಹಾಕ್ತೀವಿ," ಎಂದ ಕೊನೆಗೆ. "ಫೈನಲ್‌ಗೆ ಮುಂಚೆ, ಇಲ್ಲೇ, ಎಲ್ರ ಎದುರಿಗೆ. ನೀವು ಮುಖ ಕೊಟ್ಟು ಕೂತ್ಕೊಳ್ಳಿ. ಗಂಗಾಧರಯ್ಯನೋರು ಬ್ಯಾಟ್ ಹಿಡ್ಕೊಂಡು ಯಾರು ಅಂತ ಹೇಳ್ಲಿ. ನಾನಲ್ಲ ಅಂದ್ರೆ ನಾನಲ್ಲ."

"ಇದು ಮಾತು," ಎಂದ ರಂಗಯ್ಯ.

ಸುದ್ದಿ ಮಂಡಿಗೆ ಮುಟ್ಟಿದ್ದೇ ಸೋಮಶೇಖರಪ್ಪ ಮ್ಯಾಟನ್ನು ಸುತ್ತಿಸಿ ಗೋದಾಮಿಗೆ ಹಾಕಿ ಬೀಗ ಹಾಕಿಸಿದರು. ಮಂಡಿಯ ಗುಮಾಸ್ತ ಬಂದು ಕಾಂತಮ್ಮನಿಗೆ, "ಗೋಡೆ ರಿಪೇರಿ ಮಾಡಿಸ್ಬೇಕಂತೆ. ಈ ತಗಡು ತೆಗೀಬೇಕು ಅಂದ್ರು," ಎಂದ. ಗೋಡೆಗೆ ಯಾವ ರಿಪೇರಿಯೂ ಬೇಕಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಹೇಳಿ ಬೇಗ ಬೇಗ ಹೋದ.

ಕಾಂತಮ್ಮ ಒಳಗೆ ಹೋಗಿ ಗಂಡನ ಎದುರು ಕೂತಳು. "ಹೋಗಿ ಒಂದು ಮಾತು ತಪ್ಪಾಯ್ತು ಅಂದ್ಬಿಟ್ರೆ ಇದು ಉಳೀತದೆ," ಎಂದಳು.

ಕರಿಯಪ್ಪ ಕೈಯಲ್ಲಿದ್ದ ಬಾಟಲಿಗೆ ಗ್ಯಾಸು ತುಂಬಿ ಮುಗಿಸಿದ. "ತಪ್ಪಾಗಿದ್ಯಾ?"

"ಇಲ್ಲ."

"ಮತ್ತೆ ರಸ್ತೆ ಆಚೆ ಹೊಂಗೆ ಮರ ಇದೆ. ಮಿಷೀನ್ ಎತ್ತಕ್ಕೆ ಇಬ್ರು ಬೇಕು, ಅಷ್ಟೆ."

ಇಬ್ಬರಲ್ಲ, ಹೆಚ್ಚೇ ಬಂದರು. ಚಿಕ್ಕಬೀರಪ್ಪ ಗಾಡಿ ಹೊಡೆದುಕೊಂಡು ಬಂದ. ಬೆನಕಪ್ಪ ಎಡಗೈಯಲ್ಲೇ ಕ್ರೇಟು ಹೊತ್ತ. ಹೊತ್ತು ಮುಳುಗುವ ಮೊದಲು ಗೋಡೆಯ ಹತ್ತಿರ ಒಂದು ಗೋಲಿಯೂ ಉಳಿಯದಂತೆ ಎತ್ತಿ ಮರದ ಕೆಳಗೆ ಇಟ್ಟಿದ್ದಾಯಿತು. ಮಂಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೋಮಶೇಖರಪ್ಪನವರಿಗೆ ಕಾಂತಮ್ಮ ಕೈ ಮುಗಿದಳು. ಅವರು ಒಳಗೆ ಹೋದರು.

ಪರೀಕ್ಷೆ ಬರಿ ನೆಲದ ಮೇಲೆ ನಡೆಯಿತು. ಗಂಗಾಧರಯ್ಯ ಪ್ಯಾಡು ಕಟ್ಟಿ ನಿಂತ. ನಡೆದದ್ದಕ್ಕೆಲ್ಲ ಅವನು ಒಳಗೊಳಗೇ ಬೆಂದಿದ್ದ. ಈ ಸಲ ಯಾರಿಗೂ ಹೆದರಬಾರದು ಎಂದು ಹೆಂಡತಿಯ ಹತ್ತಿರ ಹೇಳಿ ಬಂದಿದ್ದ. ಪಂಚಾಕ್ಷರಿಯ ಚೆಂಡು ನೆಲದ ಮೇಲೆ ವಿಪರೀತ ಪುಟಿದು ತಲೆಯ ಮೇಲೆ ಹಾದುಹೋಗುತ್ತಿತ್ತು. ನಡುನಡುವೆ ಒಂದೊಂದು ಸರಿಯಾಗಿ ಬಿದ್ದಾಗ ಬದುವಿನ ಮೇಲಿದ್ದವರ ಉಸಿರು ನಿಲ್ಲುತ್ತಿತ್ತು. ರಂಗಯ್ಯ ಚಪ್ಪಾಳೆ ತಟ್ಟಿದ, ಕಾಂತಮ್ಮನೂ ತಟ್ಟಿದಳು. ಚಿಕ್ಕಬೀರಪ್ಪನದು ಬಿದ್ದ ಕಡೆಯೇ ಬೀಳುತ್ತಿತ್ತು. ಬಿದ್ದು, ಕೊನೇ ಗಳಿಗೆಯಲ್ಲಿ ಒಳಕ್ಕೆ ಹೊರಳುತ್ತಿತ್ತು. ಗಂಗಾಧರಯ್ಯನಿಗೆ ಅದನ್ನು ಮುಟ್ಟಲು ಆಗುತ್ತಿರಲಿಲ್ಲ.

ಅವನು ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಹೇಳಿದ: "ಹೊಸ ಬಾಲು ಚಿಕ್ಕಬೀರಪ್ಪನಿಗೆ. ಆ ಕಡೆಯಿಂದ ಪಂಚಾಕ್ಷರಿ."

"ನಂಗೆ ಹಂಗೆ ಅನ್ಸಲ್ಲ," ಎಂದ ಪಂಚಾಕ್ಷರಿ. ಮುಖ ಬಾಡಿತ್ತು. "ಆದ್ರೆ ನಾನೇ ಹೇಳಿದ್ದು. ಸರಿ."

ಫೈನಲ್ಲು ತರೀಕೆರೆಯಲ್ಲಿ, ಅವರ ಬಯಲಲ್ಲಿ, ಅವರದೇ ಮ್ಯಾಟಿನ ಮೇಲೆ. ಪ್ರತಿ ವರ್ಷ ಮಂಡಿಯ ಲಾರಿಯಲ್ಲಿ ಹೋಗುತ್ತಿದ್ದವರು ಈ ಸಲ ಬಸ್ಸು ಹತ್ತಿದರು. ಸೋಮಶೇಖರಪ್ಪ ಸೋದರಳಿಯನಿಗೆ ಹೋಗಬೇಡವೆಂದಿದ್ದರು; ಅವನು ಬಸ್ ಸ್ಟ್ಯಾಂಡಿಗೆ ಎಲ್ಲರಿಗಿಂತ ಮೊದಲು ಬಂದಿದ್ದ. ಕಾಂತಮ್ಮನೂ ಹೊರಟಳು. ಊರಾಚೆ ಪಂದ್ಯಕ್ಕೆ ಹೆಂಗಸರು ಹೋದದ್ದಿರಲಿಲ್ಲ. ಕಂಡಕ್ಟರು, "ಮದುವೆಗೇನಮ್ಮ?" ಎಂದು ಕೇಳಿದಾಗ, "ಮ್ಯಾಚಿಗೆ," ಎಂದಳು.

ತರೀಕೆರೆಯವರು ಎಲ್ಲ ಕೇಳಿ ತಿಳಿದುಕೊಂಡಿದ್ದರು. "ಹೋಬಳಿ ಟೀಮು ಬಂತು, ಸೋಡಾ ಟೀಮು ಬಂತು," ಎಂದು ಕೂಗಿದರು. "ಇವತ್ತೂ ಬೆನ್ನು ತೋರಿಸ್ತೀರೇನ್ರಪ್ಪಾ?"

"ಇವತ್ತು ಮುಖ ನೋಡ್ಕೊಳ್ಳಿ," ಎಂದಳು ಕಾಂತಮ್ಮ, ಮುಂದಿನ ಸಾಲಿನಲ್ಲಿ ಕೂರುತ್ತ.

ಹೊಸ ಚೆಂಡು ಚಿಕ್ಕಬೀರಪ್ಪನ ಕೈಗೆ ಬಂತು. ಅದರ ಮೆರುಗು ಅವನ ಬೆರಳಿಗೆ ಜಾರಿತು. ಮೊದಲನೆಯದು ಎಲ್ಲೋ ಹೋಯಿತು. ಎರಡನೆಯದನ್ನು ತರೀಕೆರೆಯವನು ಬೇಲಿ ದಾಟಿಸಿದ. ಆ ಓವರು ಮುಗಿಯುವವರೆಗೆ ಅಜ್ಜಂಪುರದವರಿಗೆ ತಲೆ ಎತ್ತಲಾಗಲಿಲ್ಲ. ಕಾಂತಮ್ಮ ಮಾತ್ರ ಕತ್ತು ಬಗ್ಗಿಸದೆ ನೋಡಿದಳು. ಆಮೇಲೆ ಅವನು ಸುಧಾರಿಸಿಕೊಂಡ, ಮೂವರನ್ನು ಔಟು ಮಾಡಿದ. ಪಂಚಾಕ್ಷರಿ ಕೈ ಸೋಲುವವರೆಗೂ ಹಾಕಿದ. ಸಾಲಲಿಲ್ಲ. ಸ್ವಲ್ಪದರಲ್ಲಿ ಸೋತರು.

ವಾಪಸು ಬಸ್ಸಿನಲ್ಲಿ ಚಿಕ್ಕಬೀರಪ್ಪ ಹಿಂದಿನ ಸೀಟಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ. ಪಂಚಾಕ್ಷರಿ ಅವನ ಪಕ್ಕದಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದ.

ರಂಗಯ್ಯನಿಗೆ ತಡೆಯಲಾಗಲಿಲ್ಲ. "ಆ ಹುಡುಗ ಮೊದ್ಲು ಹಾಕಿದ್ರೆ ಗೆಲ್ತಿದ್ವಿ ಕಣಮ್ಮ."

"ಗೆಲ್ತಿದ್ವೇನೋ," ಎಂದಳು ಕಾಂತಮ್ಮ.

"ಒಪ್ಕೊಂಡೆ ಹಂಗಾದ್ರೆ ನೀನು."

"ಅದನ್ನ ಒಪ್ಕೊಂಡೆ. ಮಿಕ್ಕಿದ್ದನ್ನಲ್ಲ. ಹೋದ ವಾರ ಗೆದ್ದಾಗ ನೀನು ಉಂಡಿರಲಿಲ್ಲ, ನಿನ್ನ ಹೆಂಡ್ತಿ ಹೇಳಿದ್ಲು. ಇವತ್ತು ಸೋತಿದೀವಿ, ಆದ್ರೆ ನಮ್ಮ ತೀರ್ಮಾನದಲ್ಲೇ ಸೋತಿದೀವಿ." ಅವಳು ಹಿಂದೆ ತಿರುಗಿ ಧ್ವನಿ ಏರಿಸಿದಳು. "ಲೇ ಚಿಕ್ಕಬೀರ, ಟವೆಲ್ ತೆಗಿ. ನೀನೇ ಹಾಕ್ಬೇಕು ಅಂದೋಳು ನಾನು ಇಲ್ಲೇ ಕೂತಿದೀನಿ. ಬೈಯೋರು ನನ್ನ ಬೈಲಿ."

ಯಾರೂ ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸಿದ್ದಪ್ಪ ಗಂಟಲು ಸರಿಮಾಡಿಕೊಂಡು, ಬರುವ ವರ್ಷ ಬ್ಯಾಟಿಂಗಿಗೆ ಮೊದಲು ಇಳಿಯುವವರು ಯಾರಾಗಬೇಕು ಎಂದು ಕೇಳಿದ. ರಂಗಯ್ಯ ಒಂದು ಹೆಸರು ಹೇಳಿದ. ಕಾಂತಮ್ಮ ಅದು ಆಗುವುದಿಲ್ಲ ಎಂದಳು.