ಮ್ಯೂಟ್ ಮಾಡಿದವನು

ಗದಗದ ಕಡೆಯ ಮೌನೇಶ ಬಿಟಿಎಂ ಲೇಔಟಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಕ್ರಿಕೆಟ್ ಆಡುವವರು ಟರ್ಫ್ ಮೈದಾನ ಬುಕ್ ಮಾಡಲು ಬಳಸುವ ಆಪ್ ಅವರದ್ದು. ಪ್ರತಿ ಪಂದ್ಯಕ್ಕೂ ಆಪ್‌ನಲ್ಲಿ ಒಂದು ಚಾಟ್ ರೂಮು ತೆರೆದುಕೊಳ್ಳುತ್ತಿತ್ತು. ಆ ರೂಮುಗಳನ್ನು ನೋಡಿಕೊಳ್ಳುವುದು ಮೌನೇಶನ ಕೆಲಸ. ಬೈಗುಳ ಬಂದರೆ ಅಳಿಸಬೇಕು, ಬೆದರಿಕೆ ಹಾಕಿದವರನ್ನು ಒಂದು ದಿನ ಮ್ಯೂಟ್ ಮಾಡಬೇಕು, ತೀರ ಕೈಮೀರಿದರೆ ರೂಮನ್ನೇ ಮುಚ್ಚಬೇಕು. ಮುಚ್ಚುವುದು ಮಾತ್ರ ಮೇಲಿನವರಿಗೆ ಹಿಡಿಸುತ್ತಿರಲಿಲ್ಲ. ಜನ ಆಪ್ ಬಿಟ್ಟು ಹೋಗದಿರುವುದೇ ಚಾಟಿನಿಂದ ಎಂದು ಅವರು ನಂಬಿದ್ದರು.

ಅವನು ಬಾಡಿಗೆಗಿದ್ದದ್ದು ಪುಟ್ಟೇನಹಳ್ಳಿಯ ರಾಮಯ್ಯನವರ ಮನೆಯ ಮಹಡಿಯಲ್ಲಿ. ರಾಮಯ್ಯ ಹೊಲದ ಬಹುಪಾಲು ಮಾರಿದ್ದರು. ಉಳಿದ ತುಂಡಿನಲ್ಲಿ ಮಗ ಲಿಖಿತ್ ಹಸಿರು ಹಾಸು ಹಾಸಿ, ಸುತ್ತ ಬಲೆ ಕಟ್ಟಿ ಟರ್ಫ್ ನಡೆಸುತ್ತಿದ್ದ. ಅವನಿಗೂ ಮೌನೇಶನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಳ್ಳೆಯ ಸ್ನೇಹ. ಲಿಖಿತನ ತಾಯಿ ನಾರಾಯಣಮ್ಮ ಉಪ್ಸಾರು ಮಾಡಿದ ದಿನ ಒಂದು ಬಟ್ಟಲು ಮಹಡಿಗೂ ಬರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೌನೇಶ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಮರುದಿನದ ಪಂದ್ಯದ ರೂಮಿನಲ್ಲಿ ಪುಟ್ಟೇನಹಳ್ಳಿ ತಂಡದ ಲಿಖಿತನಿಗೂ ತಿಲಕ್ ನಗರ ತಂಡದ ಕ್ಯಾಪ್ಟನ್ ಸಿದ್ದಾರೂಢನಿಗೂ ಹತ್ತಿಕೊಂಡಿತು. ಹಿಂದಿನ ವಾರದ ಒಂದು ರನ್ ಔಟ್ ಇಬ್ಬರ ಹೊಟ್ಟೆಯಲ್ಲೂ ಇನ್ನೂ ಉರಿಯುತ್ತಿತ್ತು. 'ನಾಳೆ ನಮ್ಮ ಏರಿಯಾಗೆ ಕಾಲಿಡು, ಮುರಿದು ಕೈಗೆ ಕೊಡ್ತೀನಿ' ಎಂದು ಲಿಖಿತ್ ಬರೆದ. ಮೌನೇಶ ಅವನನ್ನು ಮ್ಯೂಟ್ ಮಾಡಿದ. ಯಾರು ಬರೆದಿದ್ದರೂ ಅದನ್ನೇ ಮಾಡುತ್ತಿದ್ದ.

ಲಿಖಿತನಿಗೆ ಇನ್ನು ಬರೆಯಲಾಗುತ್ತಿರಲಿಲ್ಲ, ಓದಬಹುದಿತ್ತು ಅಷ್ಟೆ. ಸಿದ್ದಾರೂಢ ಬರೆದ: 'ಯಾಕ್ರೀ ಗೌಡ್ರ, ದನಿನ ಹೋತಲ್ಲ? ಹೊಲ ಮಾರಿದ್ರಿ, ಈಗ ನಾಲಿಗಿನೂ ಮಾರಿದ್ರೇನು?'

ರೂಮಿನ ತುಂಬ ನಗುವ ಮುಖಗಳು ಉದುರಿದವು. ಲಿಖಿತನ ತಂಡದ ಹುಡುಗರೂ ನಕ್ಕಿದ್ದರು. ತನ್ನ ಊರಿನ ಮಾತಿನ ಆ ಎಳೆತ ಕಿವಿಗೆ ಬಿದ್ದಂತಾಗಿ ಮೌನೇಶನಿಗೂ ಜೋರಾಗಿ ನಗು ಬಂತು. ಅದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಅಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ಬಾಗಿಲು ಒದ್ದ ಸದ್ದಾಯಿತು. ಲಿಖಿತ್ ಬ್ಯಾಟು ಹಿಡಿದು ನಿಂತಿದ್ದ.

"ಕೆಳಗಡೆವರ್ಗೂ ಕೇಳಿಸ್ತು ನಿನ್ ನಗು. ನಿಮ್ ಕಡೆಯೋನು ಅಂತ ಬಿಟ್ಟಿದ್ದೀಯಾ ಅವನ್ನ?"

"ಹಂಗಲ್ಲೋ ಮಾರಾಯ. ಈಗ ತೆಗಿತೀನಿ ತಡಿ."

"ತೆಗೀಬೇಡ. ಎಲ್ರೂ ಓದಾಯ್ತು. ನನ್ ಮ್ಯೂಟ್ ತೆಗಿ."

"ಈ ಸಿಟ್ಟಿನಾಗ ಬ್ಯಾಡ. ನೀ ಏನರ ಬರಿತಿ, ಅವರು ಹೊಡಿಯಾಕ ಬರ್ತಾರ."

ಬ್ಯಾಟು ಮೊದಲು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಪರದೆ ಸೀಳಿತು. ಮೌನೇಶ ಅದನ್ನು ಎಳೆದುಕೊಳ್ಳಲು ಕೈ ಚಾಚಿದ. ಎರಡನೆಯ ಏಟು ಅವನ ಬಲಗೈ ಬೆರಳುಗಳ ಮೇಲೆ ಬಿತ್ತು. ಮೂಳೆ ಪುಡಿಯಾದ ಸದ್ದು ಇಬ್ಬರಿಗೂ ಕೇಳಿಸಿತು. ಮೌನೇಶ ಕುರ್ಚಿಯಿಂದ ಕೆಳಗೆ ಜಾರಿದ. ಲಿಖಿತ್ ಅವನ ಪಕ್ಕೆಗೆ ಒದ್ದ, ಕುತ್ತಿಗೆಪಟ್ಟಿ ಹಿಡಿದು ತಲೆಯನ್ನು ಗೋಡೆಗೆ ಬಡಿದ, ಅವನದೇ ಫೋನನ್ನು ಮುಖಕ್ಕೆ ಒತ್ತಿ ಹಿಡಿದ.

"ತೆಗಿಯೋ!"

ಮೌನೇಶ ಎಡಗೈಯಲ್ಲಿ ಮ್ಯೂಟ್ ತೆಗೆದ. ಲಿಖಿತ್ ಅಲ್ಲೇ ನಿಂತು ತನ್ನ ಫೋನಿನಲ್ಲಿ, 'ನಾಳೆ ಯಾಕೆ? ಗಂಡಸಾದ್ರೆ ಈಗ್ಲೇ ಟರ್ಫ್ ಹತ್ರ ಬಾ' ಎಂದು ಬರೆದು, ಜತೆಗೆ ಸಿದ್ದಾರೂಢನ ತಾಯಿಯ ಮೇಲೆ ಹೊಲಸು ಮಾತೊಂದನ್ನು ಸೇರಿಸಿ ಇಳಿದುಹೋದ.

ಸದ್ದು ಕೇಳಿ ನಾರಾಯಣಮ್ಮ ಓಡಿ ಬಂದರು. ಕೈ ನೋಡಿ, "ಅಯ್ಯೋ ಪಾಪಿ, ಏನ್ ಮಾಡ್ಬಿಟ್ಟ ಇವ್ನು!" ಎಂದು ಬಾಯಿ ಬಡಿದುಕೊಂಡರು. ಟವೆಲ್ ನೆನೆಸಿ ಕೈಗೆ ಸುತ್ತಿದರು. ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ ಹುಡುಕುತ್ತ ಮುಖ್ಯರಸ್ತೆಗೆ ಹೋದರು. ಮೌನೇಶ ಆಗ ನೆನಪಾಗಿ ಫೋನು ತೆಗೆದು ಚಾಟ್ ರೂಮನ್ನು ಮುಚ್ಚಿದ. ಆದರೆ ಸಿದ್ದಾರೂಢನ ಹುಡುಗರ ಬೈಕುಗಳು ಆಗಲೇ ಬೀದಿಗೆ ನುಗ್ಗುತ್ತಿದ್ದವು.

ತಡೆಯಬೇಕೆಂದೇ ಅವನು ರಸ್ತೆ ದಾಟಿ ಟರ್ಫಿಗೆ ಹೋದ. ಹಾಗೆಂದೇ ಅಂದುಕೊಂಡಿದ್ದ.

ಅಷ್ಟರಲ್ಲಿ ಬಹುತೇಕ ಮುಗಿದಿತ್ತು. ಲಿಖಿತನ ಜತೆಗಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬ ಬಲೆಗೆ ಸಿಕ್ಕಿಕೊಂಡು ಒದೆ ತಿನ್ನುತ್ತಿದ್ದ, ಇನ್ನೊಬ್ಬ ಓಡಿಹೋಗಿದ್ದ. ಲಿಖಿತ್ ಪಿಚ್ಚಿನ ನಡುವೆ ಮಂಡಿಯೂರಿದ್ದ. ಹುಬ್ಬು ಹರಿದು ರಕ್ತ ಕಣ್ಣಿಗಿಳಿದಿತ್ತು, ಮುಂದಿನ ಹಲ್ಲು ಹೋಗಿತ್ತು. ವಿಕೆಟ್ ಕಡ್ಡಿ ಹಿಡಿದವನೊಬ್ಬ ಅವನ ಬೆನ್ನಿಗೆ ಬಾರಿಸಿದ. ಹಸಿರು ಹಾಸಿನ ಮೇಲೆ ರಕ್ತ ಇಂಗದೆ ಹಾಗೇ ನಿಂತಿತ್ತು.

"ಸಾಕು ಬಿಡ್ರಿ, ಸತ್ತಗಿತ್ತಾನು," ಎಂದ ಸಿದ್ದಾರೂಢ ಏದುಸಿರು ಬಿಡುತ್ತ. ಹುಡುಗರು ಹಿಂದೆ ಸರಿದರು. ಆಗ ಅವನಿಗೆ ಬಾಗಿಲಲ್ಲಿ ನಿಂತ ಮೌನೇಶ ಕಂಡ. ಪಂದ್ಯಗಳಲ್ಲಿ ನೋಡಿ ಪರಿಚಯವಿತ್ತು.

"ಏ ತಮ್ಮಾ, ಕೈಗೇನಾತು ನಿಂದು?"

ಟವೆಲಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. 'ಬಿದ್ದೆ' ಎಂದು ಹೇಳಬಹುದಿತ್ತು. ಏನೂ ಹೇಳದೆಯೂ ಇರಬಹುದಿತ್ತು. ಲಿಖಿತ್ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ.

"ಇವ ಹೊಡದಾನ," ಎಂದ ಮೌನೇಶ.

ಸಿದ್ದಾರೂಢ ನೆಲದಿಂದ ಬ್ಯಾಟು ಎತ್ತಿಕೊಂಡ. ಇಬ್ಬರು ಲಿಖಿತನನ್ನು ಅಂಗಾತ ಮಲಗಿಸಿ ಕಾಲು ಎಳೆದು ಹಿಡಿದರು.

"ಮಗಾ, ಬೇಡ ಅನ್ನು ಅವ್ರಿಗೆ," ಎಂದು ಲಿಖಿತ್ ಕೂಗಿದ. "ಮಗಾ!"

ಮೌನೇಶ ಬೇಡ ಅನ್ನಲಿಲ್ಲ. ಬ್ಯಾಟು ಮೊಣಕಾಲ ಮೇಲೆ ಬಿತ್ತು. ಮತ್ತೆ ಬಿತ್ತು. ಮೂರನೆಯ ಏಟಿಗೆ ಕಾಲು ಬಾಗಬಾರದ ಕಡೆಗೆ ಬಾಗಿತು, ಲಿಖಿತನ ಕೂಗು ನಿಂತುಹೋಯಿತು. ಅಲ್ಲಿಯವರೆಗೂ ಮೌನೇಶನಿಗೆ ತನ್ನ ಕೈಯ ನೋವು ಗೊತ್ತಾಗಿರಲಿಲ್ಲ. ಎದೆಯಲ್ಲಿ ಏನೋ ಹಗುರಾಗಿತ್ತು. ನಾರಾಯಣಮ್ಮ ಬರಿಗಾಲಲ್ಲಿ ಓಡಿಬಂದು ಮಗನ ಮೇಲೆ ಕವುಚಿ ಬಿದ್ದಾಗ ಆ ಹಗುರ ಒಮ್ಮೆಗೇ ಇಲ್ಲವಾಯಿತು. ಬೈಕಿನವರು ಚದುರಿಹೋದರು.

ಹುಡುಕಿ ತಂದ ಆಟೋದಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಸಾಗಿಸಿದ್ದಾಯಿತು. ಮರುದಿನ ಲಿಖಿತನ ವಾರ್ಡಿನಲ್ಲಿ, ಪ್ಲಾಸ್ಟರ್ ಹಾಕಿದ ಕೈಯ ಮೌನೇಶನಿಗೆ ನಾರಾಯಣಮ್ಮ ಕಾಫಿ ಆರಿಸಿ ಕೊಡುತ್ತಿದ್ದಾಗ ಸಬ್ ಇನ್‌ಸ್ಪೆಕ್ಟರ್ ಬಂದ. ಸಿದ್ದಾರೂಢ ಬೆಳಿಗ್ಗೆಯೇ ಸಿಕ್ಕಿಬಿದ್ದಿದ್ದ.

"ನೀನೇ ಹೊಡಿ ಅಂದೆ ಅಂತಾನಲ್ಲಯ್ಯಾ ಅವ್ನು?"

ನಾರಾಯಣಮ್ಮನ ಕೈ ನಿಂತಿತು. "ಇಲ್ಲ ಸಾರ್. ಅವನು ಹಂಗೇನೂ ಅಂದಿಲ್ಲ," ಎಂದ ಲಿಖಿತ್ ಹಾಸಿಗೆಯಿಂದ. ಸತ್ಯವೇ ಅದು. ಆದರೂ ಮೌನೇಶನಿಗೆ ಅದರ ಮರೆಯಲ್ಲಿ ಕೂರಲಾಗಲಿಲ್ಲ.

"ಹೊಡಿ ಅನ್ಲಿಲ್ಲ ಸರ್. ಇವ ನನ್ನ ಕೈ ಮುರದಾನ ಅಂತ ತೋರಿಸಿದೆ. ತೋರಿಸಿದ್ರ ಏನ್ ಮಾಡ್ತಾನ ಅಂತ ಗೊತ್ತಿತ್ತು. ಬ್ಯಾಡ ಅನ್ನು ಅಂತ ಇವ ಕೇಳಿದ. ಅನ್ಲಿಲ್ಲ."

ನಾರಾಯಣಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದರು.

ಕೇಸು ಎರಡೂ ಕಡೆಯಿಂದ ದಾಖಲಾಯಿತು. ಲಿಖಿತನ ಕಾಲಿಗೆ ರಾಡು ಹಾಕಿದರು. ಮೌನೇಶನ ಎರಡು ಬೆರಳು ಮಡಿಚುವುದಿಲ್ಲವೆಂದು ಡಾಕ್ಟರು ಹೇಳಿದರು. ಕಂಪನಿಯವರು ವಾಪಸ್ ಕರೆದರೂ ಅವನು ಚಾಟಿನ ಕೆಲಸಕ್ಕೆ ಹೋಗಲಿಲ್ಲ. ಬನಶಂಕರಿಯಲ್ಲಿ ಊರಿನವರ ರೂಮಿಗೆ ಸೇರಿಕೊಳ್ಳಲು ಗಂಟುಮೂಟೆ ಕಟ್ಟಿದ. ಒಂದೇ ಕೈಯಲ್ಲಿ ಹಾಸಿಗೆಗೆ ಹಗ್ಗ ಬಿಗಿಯಲಾಗದೆ ಒದ್ದಾಡುತ್ತಿದ್ದಾಗ ನಾರಾಯಣಮ್ಮ ಮೇಲೆ ಬಂದರು. ಹಗ್ಗ ಕಿತ್ತುಕೊಂಡು, ಮಂಡಿ ಊರಿ ಒತ್ತಿ, ತಾವೇ ಗಂಟು ಹಾಕಿದರು.

"ಅವ್ನು ನಿನ್ ಕೈ ಮುರಿದ, ಸಿಟ್ಟಲ್ಲಿದ್ದ," ಎಂದರು ಎದ್ದು ನಿಂತು. "ನೀನು ಸಿಟ್ಟಲ್ಲೂ ಇರ್ಲಿಲ್ವಲ್ಲೋ ಮೌನೇಶ."

ಅವನು ಹಾಸಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ.