ಸೋಮಮ್ಮನ ಚಿಕ್ಕ ಪರದೆ

ಮದ್ದೂರಿನ ಬಸ್ ನಿಲ್ದಾಣದ ಎದುರಿಗೆ, ಬೇಕರಿಯ ಮೇಲಿನ ಮಹಡಿಯಲ್ಲಿ ಶಶಿಧರ್ ಅವರ ವೆಬ್‌ಸೈಟ್ ಕಚೇರಿ. ಅಲ್ಲಿ ಪುಟಗಳ ವಿನ್ಯಾಸ ಮಾಡುವವಳು ಮಂಜುಶ್ರೀ. ನಾಲೆ ನೀರು ಯಾರ ಗದ್ದೆಗೆ ಯಾವ ದಿನ, ಎಷ್ಟು ಗಂಟೆಗೆ ಎಂದು ಫೋನಿನಲ್ಲೇ ನೋಡಲು ರೈತರ ಸಂಘ ಮಾಡಿಸುತ್ತಿದ್ದ ಹೊಸ ಪುಟ ಸೋಮವಾರ ಶುರುವಾಗಬೇಕಿತ್ತು. ಎಷ್ಟು ಚಿಕ್ಕ ಪರದೆಯವರೆಗೆ ಅದನ್ನು ಹೊಂದಿಸುವುದು ಎಂಬುದೊಂದು ಬಾಕಿಯಿತ್ತು.

ಶಶಿಧರ್ ಹಳೆಯ ಪುಟದ ಅಂಕಿಗಳನ್ನು ತೋರಿಸಿದರು. ತೀರಾ ಚಿಕ್ಕ ಪರದೆಯಲ್ಲಿ ನೋಡುವವರು ನೂರಕ್ಕೆ ಇಬ್ಬರೂ ಇಲ್ಲ. ಅಷ್ಟು ಜನಕ್ಕಾಗಿ ಮೂರು ದಿನ ಹೆಚ್ಚು ಕೂರುವುದು ಬೇಡ, ಆ ಅಳತೆ ಕೈಬಿಡು ಎಂದರು. ಮಂಜುಶ್ರೀಗೂ ಅದು ಸರಿಯೆನ್ನಿಸಿತು. ಆದರೂ ರೈತರ ಕೈಯಲ್ಲಿ ಒಮ್ಮೆ ನೋಡಿಬರೋಣವೆಂದು ಮರುದಿನ ಬೆಳಿಗ್ಗೆ ಕೊತ್ತತ್ತಿ ಹಳ್ಳಿಗೆ ಹೋದಳು.

ನಾಲೆ ಏರಿಯ ಮೇಲೆ ಹತ್ತು ಜನ ರೈತರು ತಮ್ಮ ನೀರಿನ ಸರದಿ ಕೇಳಲು ಸೋಮಮ್ಮ ಎಂಬ ಅಜ್ಜಿಯ ಸುತ್ತ ನಿಂತಿದ್ದರು. ಆಕೆಯ ಕೈಯಲ್ಲಿದ್ದದ್ದು ಮೊಮ್ಮಗಳು ಬಳಸಿ ಬಿಟ್ಟ ಪುಟ್ಟ ಫೋನು, ಒಡೆದ ಮೂಲೆಗೆ ಟೇಪು. ಅವರಲ್ಲಿ ಚಿಕ್ಕಣ್ಣನ ಜೇಬಿನಲ್ಲಿ ಮಾತ್ರ ಅಗಲವಾದ ಹೊಸ ಫೋನಿತ್ತು. ಅದರಲ್ಲೇ ನೋಡಬಹುದಲ್ಲ ಎಂದು ಮಂಜುಶ್ರೀ ಅವನನ್ನು ಕೇಳಿದಳು.

“ಪರದೆ ದೊಡ್ಡದೇ ಕಣವ್ವ, ಓದಾಕ್ ಬರಬೇಕಲ್ಲ,” ಎಂದ ಚಿಕ್ಕಣ್ಣ. ಎಲ್ಲರೂ ನಕ್ಕರು. ಸೋಮಮ್ಮನಿಗೋ ಮೊಮ್ಮಗಳು ಕಲಿಸಿಕೊಟ್ಟ ಆ ಒಂದು ಫೋನು ಬಿಟ್ಟರೆ ಬೇರೆಯದು ಬಳಸಲು ಗೊತ್ತಿರಲಿಲ್ಲ.

ಮಂಜುಶ್ರೀ ಪರೀಕ್ಷೆಗೆಂದು ಕಳಿಸಿದ ಹೊಸ ಪುಟವನ್ನು ಸೋಮಮ್ಮ ತೆರೆದು ಓದತೊಡಗಿದಳು. ಆಕೆ ಓದಿ ಹೇಳುವುದು ದೂರದ ಗದ್ದೆಯವರ ಸರದಿಯನ್ನು ಮೊದಲು, ಅವರು ಬೇಗ ಹೊರಡಲೆಂದು. ತನ್ನದು ಕೊನೆಗೆ. ಮೊದಲ ಹೆಸರು, ದಿನ ಓದಿ ನಿಂತುಬಿಟ್ಟಳು. ಗಂಟೆಯ ಸಾಲು ಪರದೆಯ ಅಂಚಿನಿಂದಾಚೆ ಹೋಗಿತ್ತು. ಫೋನನ್ನು ಅಡ್ಡ ಹಿಡಿದಳು, ಕಣ್ಣಿನ ಹತ್ತಿರ ತಂದಳು.

“ನಂದೇ ಚಿಕ್ಕ ಫೋನು ಕಣವ್ವ, ನಿನ್ ಕೆಲಸದಾಗೆ ಐಬಿಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ಆದ್ರೆ ಗಂಟೆ ಕಾಣ್ದಿದ್ರೆ ಇವ್ರಿಗೆಲ್ಲ ಏನಂತ ಯೋಳ್ಲಿ?”

ಅವತ್ತಿನ ಗಂಟೆಗಳನ್ನು ಮಂಜುಶ್ರೀ ತನ್ನ ಫೋನಿನಲ್ಲಿ ನೋಡಿ ಹೇಳಿದಳು. ಸೋಮಮ್ಮ ತನ್ನ ಬುಟ್ಟಿಯಿಂದ ನಾಲ್ಕು ಬದನೆಕಾಯಿ ತೆಗೆದು ಅವಳ ಚೀಲಕ್ಕೆ ಹಾಕಿದಳು.

ಮದ್ದೂರಿಗೆ ಮರಳಿ ನಡೆದದ್ದನ್ನು ತಿಳಿಸಿದಾಗ ಶಶಿಧರ್, ಎಷ್ಟಾದರೂ ಅದು ಒಂದೇ ಫೋನು ತಾನೆ ಎಂದರು.

“ಫೋನು ಒಂದೇ ಸರ್. ಅದನ್ನ ನಂಬ್ಕೊಂಡು ನೀರು ಕಟ್ಟೋರು ಹನ್ನೊಂದು ಮನೆಯವರು.”

ಶಶಿಧರ್ ಅಂಕಿಗಳಿದ್ದ ಪುಟ ಮುಚ್ಚಿದರು. “ಗಂಟೆ ಕಾಣಿಸ್ಲಿಲ್ಲ ಅಂತ ಬೈದ್ರಾ?”

“ಇಲ್ಲ ಸರ್. ತಮ್ಮ ಫೋನೇ ಚಿಕ್ಕದು ಅಂದ್ರು.”

ಶಶಿಧರ್ ಮೇಜಿನ ಖಾನೆ ಎಳೆದು, ತಳದಿಂದ ಹಳೆಯ ಫೋನೊಂದನ್ನು ತೆಗೆದು ಅವಳ ಮುಂದಿಟ್ಟರು. ಚಾರ್ಜರಿನ ತಂತಿಗೆ ರಬ್ಬರ್ ಬ್ಯಾಂಡು ಸುತ್ತಿತ್ತು.

“ನಮ್ಮವ್ವ ಇಟ್ಕೊಂಡಿದ್ದದ್ದು. ಇದ್ರಲ್ಲಿ ಮೊದ್ಲು ಸರಿಯಾಗಿ ಕಾಣ್ಲಿ. ಸೋಮವಾರ ಬೇಡ, ಗುರುವಾರ ಶುರು ಮಾಡೋಣ. ಸಂಘದವ್ರಿಗೆ ನಾನು ಹೇಳ್ಕೋತೀನಿ.”

ಫೋನು ಚಾರ್ಜ್ ಆಗುವವರೆಗೆ ಮಂಜುಶ್ರೀ ಸುಮ್ಮನೆ ಕೂರಲಿಲ್ಲ. ಕೊನೆಯಲ್ಲಿದ್ದ ಗಂಟೆಯನ್ನು ಹೆಸರಿನ ಪಕ್ಕಕ್ಕೇ ತಂದಳು.